ದಾರಿ ಯಾರದು? – ಕೊಟ್ಟಾಯಂ ಜಿಲ್ಲೆಯಲ್ಲಿ ಒಂದು ಸುತ್ತು



ಕೇರಳ ಎಂದೊಡನೆ ನಿಮ್ಮ ಕಣ್ಣ ಮುಂದೆ ಒಂದು ಚಿತ್ರ ಬಂದು ನಿಲ್ಲುತ್ತದೆ. ಬಾಗಿದ ತೆಂಗಿನ ಮರ, ಅದರ ನೆರಳು ಬಿದ್ದ ನೀರು, ನೀರಿನ ಮೇಲೆ ನಿಧಾನವಾಗಿ ಸಾಗುವ ದೋಣಿ. ಕ್ಯಾಲೆಂಡರುಗಳಲ್ಲಿ, ಪ್ರವಾಸದ ಪುಸ್ತಿಕೆಗಳಲ್ಲಿ ಈ ಚಿತ್ರವನ್ನು ನೀವು ಎಷ್ಟೋ ಸಲ ನೋಡಿರಬಹುದು. ಆ ಚಿತ್ರ ಸುಳ್ಳಲ್ಲ. ಆದರೆ ಅದರಲ್ಲಿ ಮನುಷ್ಯರು ಕಡಿಮೆ. ಆ ನೀರಿನ ದಡದಲ್ಲಿ ಯಾರು ನಡೆದಾಡಿದರು, ಯಾರಿಗೆ ನಡೆದಾಡಲು ಬಿಡಲಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಇತಿಹಾಸದ ಕೆಲಸ.

ಕೇರಳದ ನಡುಭಾಗದಲ್ಲಿರುವ ಕೊಟ್ಟಾಯಂ ಜಿಲ್ಲೆಗೆ ಇಂದು ನಾವು ಹೋಗಿಬರೋಣ. ಈ ಜಿಲ್ಲೆಗೆ ಸಮುದ್ರ ತೀರವಿಲ್ಲ. ಪಶ್ಚಿಮಕ್ಕೆ ವೇಂಬನಾಡು ಎಂಬ ವಿಶಾಲವಾದ ಹಿನ್ನೀರು, ಪೂರ್ವಕ್ಕೆ ಪಶ್ಚಿಮಘಟ್ಟದ ಬೆಟ್ಟಗಳು. ನಡುವೆ ಗದ್ದೆ, ತೆಂಗು, ರಬ್ಬರು. ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ಒಂದಾದ 1949ರ ಜುಲೈ 1ರಂದೇ ಈ ಜಿಲ್ಲೆಯೂ ರೂಪುಗೊಂಡಿತು. ಆಗ ಏಲಕ್ಕಿ, ಚಹಾ ಬೆಳೆಯುವ ಎತ್ತರದ ಘಟ್ಟಪ್ರದೇಶವೂ ಇದಕ್ಕೇ ಸೇರಿತ್ತು. 1972ರಲ್ಲಿ ಇಡುಕ್ಕಿ ಜಿಲ್ಲೆ ಹುಟ್ಟಿದಾಗ ಆ ಭಾಗ ಬೇರೆಯಾಯಿತು.

ನೋಡುವ ಸ್ಥಳಗಳ ಪಟ್ಟಿ ಹಿಡಿದು ಹೊರಟರೆ ಒಂದು ಊರು ಕಾಣುತ್ತದೆ. ಒಂದು ಪ್ರಶ್ನೆ ಹಿಡಿದು ಹೊರಟರೆ ಅದೇ ಊರು ಬೇರೆಯಾಗಿ ಕಾಣುತ್ತದೆ. ನಮ್ಮ ಪ್ರಶ್ನೆ ಬಹಳ ಸರಳವಾದದ್ದು: ದಾರಿ ಯಾರದು?

ನೀರೇ ದಾರಿಯಾಗಿದ್ದ ಕಾಲ

ಮೊದಲು ವೇಂಬನಾಡಿನ ದಡದಲ್ಲಿ ನಿಲ್ಲೋಣ. ಮಲಯಾಳಿಗಳು ಇದನ್ನು ‘ಕಾಯಲ್’ ಎನ್ನುತ್ತಾರೆ. ಭಾರತದ ಅತ್ಯಂತ ಉದ್ದವಾದ ಸರೋವರವಿದು. ಮೂರು ಜಿಲ್ಲೆಗಳಿಗೆ ಚಾಚಿಕೊಂಡಿದೆ. ಬೆಟ್ಟದಿಂದಿಳಿದ ನದಿಗಳ ಸಿಹಿನೀರೂ ಕಡಲಿನಿಂದ ಒಳನುಗ್ಗುವ ಉಪ್ಪುನೀರೂ ಇಲ್ಲಿ ಸೇರುತ್ತವೆ. ಕೊಟ್ಟಾಯಂ ಪಟ್ಟಣವನ್ನು ಹಾದು ಬರುವ ಮೀನಚ್ಚಿಲ್ ನದಿ ಕುಮರಕಂ ಬಳಿ ಇದನ್ನು ಕೂಡುತ್ತದೆ. ಇದರ ಸುತ್ತಲಿನ ಕುಟ್ಟನಾಡು ಪ್ರದೇಶದಲ್ಲಿ ರೈತರು ನೀರಿಗೆ ಒಡ್ಡು ಕಟ್ಟಿ, ಒಳಗಿನ ನೀರನ್ನು ಹೊರಹಾಕಿ, ಸಮುದ್ರ ಮಟ್ಟಕ್ಕಿಂತ ತಗ್ಗಿನ ನೆಲದಲ್ಲಿ ಬತ್ತ ಬೆಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯ ಪದ್ಧತಿಯನ್ನು ಜಾಗತಿಕ ಮಹತ್ವದ ಪರಂಪರೆಯೆಂದು ಗುರುತಿಸಿತು.

ಬಸ್ಸು, ಲಾರಿಗಳು ಬರುವ ಮುಂಚೆ ಇಲ್ಲಿ ನೀರೇ ಹೆದ್ದಾರಿ. ಬತ್ತ, ತೆಂಗಿನಕಾಯಿ, ಮೆಣಸು, ಶುಂಠಿ ಎಲ್ಲವೂ ದೋಣಿಯಲ್ಲೇ ಸಾಗುತ್ತಿದ್ದವು. ಹಲಗೆಗಳನ್ನು ಕಬ್ಬಿಣದ ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೆಟ್ಟುವಳ್ಳಂ’ ಎಂಬ ದೊಡ್ಡ ದೋಣಿಗಳು ಆ ಕಾಲದ ಸರಕು ಗಾಡಿಗಳು. ಇಂದು ಪ್ರವಾಸಿಗರು ಬಾಡಿಗೆ ಕೊಟ್ಟು ರಾತ್ರಿ ಕಳೆಯುವ ದೋಣಿಮನೆಗಳು ಇವುಗಳದೇ ರೂಪಾಂತರ.

ಮೆಣಸು ಬೆಟ್ಟದ ಕಡೆಯಿಂದ ಇಳಿದು ಬರುತ್ತಿತ್ತು. ಕೊಳ್ಳುವವರು ಕಡಲಿನ ಕಡೆಯಿಂದ ಬರುತ್ತಿದ್ದರು. ಇಬ್ಬರೂ ಸೇರುವ ನದೀತೀರದಲ್ಲಿ ಪೇಟೆಯಾಯಿತು. ಹಳೆಯ ಕೊಟ್ಟಾಯಂನ ತಾಳತ್ತಂಗಾಡಿ ಅಂಥದ್ದೊಂದು ಪೇಟೆ. ಈ ಸೀಮೆಯನ್ನು ಆಗ ತೆಕ್ಕುಂಕೂರಿನ ಅರಸರು ಆಳುತ್ತಿದ್ದರು. ಅವರ ಕೋಟೆ ಇಲ್ಲಿಯ ತಳಿಯಿಲ್ ಎಂಬಲ್ಲಿತ್ತು. ‘ಕೋಟೆಯ ಒಳಗು’ ಎಂಬರ್ಥದ ಮಾತಿನಿಂದಲೇ ಕೊಟ್ಟಾಯಂ ಎಂಬ ಹೆಸರು ಬಂದಿದೆ.

ಇಲ್ಲಿ ನಡೆದಾಡುವಾಗ ಒಂದು ಸಂಗತಿಯನ್ನು ಗಮನಿಸಿ. ಶಿವಾಲಯ, ಮರದ ಕೆತ್ತನೆಗೆ ಹೆಸರಾದ ಜುಮ್ಮಾ ಮಸೀದಿ, 1550ರಲ್ಲಿ ಸ್ಥಾಪನೆಯಾದ ವಲಿಯಪಳ್ಳಿ, 1579ರ ಚೆರಿಯಪಳ್ಳಿ – ಎಲ್ಲವೂ ಒಂದೇ ಪೇಟೆಯ ಸುತ್ತ ಇವೆ. ಮಲಯಾಳದಲ್ಲಿ ವಲಿಯ ಎಂದರೆ ದೊಡ್ಡ, ಚೆರಿಯ ಎಂದರೆ ಚಿಕ್ಕ. ಕ್ರೈಸ್ತರ ಚರ್ಚನ್ನು ‘ಪಳ್ಳಿ’ ಎನ್ನುತ್ತಾರೆ. ವಲಿಯಪಳ್ಳಿಯಲ್ಲಿರುವ ಕಲ್ಲಿನ ಶಿಲುಬೆಯ ಮೇಲೆ ಪ್ರಾಚೀನ ಪರ್ಷಿಯಾದ ಪಹ್ಲವಿ ಲಿಪಿಯ ಬರಹವಿದೆ. ದೂರದ ಕಡಲಾಚೆಯ ಅಕ್ಷರ ಈ ನದೀತೀರಕ್ಕೆ ಹೇಗೆ ಬಂದಿತು ಎಂದು ಕೇಳಿಕೊಂಡರೆ, ನೀರಿನ ದಾರಿ ಎಷ್ಟು ಉದ್ದವಿತ್ತೆಂಬುದು ನಿಮಗೆ ಹೊಳೆಯುತ್ತದೆ. ಅರಸನಿಗೆ ವ್ಯಾಪಾರಿ ಬೇಕಿತ್ತು, ವ್ಯಾಪಾರಿಗೆ ಅರಸನ ಆಶ್ರಯ ಬೇಕಿತ್ತು. ಅವನು ಯಾವ ದೇವರಿಗೆ ಕೈಮುಗಿಯುತ್ತಾನೆಂಬುದು ಪೇಟೆಗೆ ಅಡ್ಡಿಯಾಗಲಿಲ್ಲ. 18ನೆಯ ಶತಮಾನದ ಮಧ್ಯದಲ್ಲಿ ತಿರುವಾಂಕೂರಿನ ಮಾರ್ತಾಂಡವರ್ಮ ಈ ಸೀಮೆಯನ್ನು ಗೆದ್ದು ತನ್ನ ರಾಜ್ಯಕ್ಕೆ ಸೇರಿಸಿಕೊಂಡ.

ಅಕ್ಷರಕ್ಕೆ ತೆರೆದ ದಾರಿ

ಈ ಪಟ್ಟಣದ ಇನ್ನೊಂದು ಸಂಪತ್ತು ಅಕ್ಷರ. ಚರ್ಚ್ ಮಿಷನ್ ಸೊಸೈಟಿಯವರು 1817ರಲ್ಲಿ ಆರಂಭಿಸಿದ ಸಿ.ಎಂ.ಎಸ್. ಕಾಲೇಜು ಇಂದಿಗೂ ಇಲ್ಲಿ ನಡೆಯುತ್ತಿದೆ. 1821ರಲ್ಲಿ ಬೆಂಜಮಿನ್ ಬೈಲಿ ಎಂಬ ಪಾದ್ರಿ ಇಲ್ಲಿ ಮುದ್ರಣಾಲಯ ಸ್ಥಾಪಿಸಿದ. ಹೊರಗಿನಿಂದ ತರಿಸಿದ ಮಲಯಾಳಂ ಮೊಳೆಗಳು ಅವನಿಗೆ ಹಿಡಿಸಲಿಲ್ಲ. ಸ್ಥಳೀಯ ಕುಶಲಕರ್ಮಿಗಳ ನೆರವಿನಿಂದ ಗುಂಡನೆಯ, ಓದಲು ಸುಲಭವಾದ ಮೊಳೆಗಳನ್ನು ತಾನೇ ಮಾಡಿಸಿದ. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದದ್ದು 1843ರಲ್ಲಿ. ಎರಡು ಊರುಗಳ ಕಥೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಿಮಗೆ ಅನೇಕ ಹೋಲಿಕೆಗಳು ಸಿಗುತ್ತವೆ.

ಬಿತ್ತಿದ ಬೀಜ ಬೇರೆಯವರ ಕೈಯಲ್ಲೂ ಬೆಳೆಯಿತು. ಕೊಟ್ಟಾಯಂ ಹತ್ತಿರದ ಮಾನ್ನಾನಂನಲ್ಲಿ ಕುರಿಯಾಕೋಸ್ ಏಲಿಯಾಸ್ ಚಾವರ ಎಂಬ ಮಲಯಾಳಿ ಪಾದ್ರಿ ಬಾಳೆದಿಂಡಿನಲ್ಲಿ ಅಚ್ಚುಯಂತ್ರದ ಮಾದರಿ ಮಾಡಿ, ಬಡಗಿಯಿಂದ ಮರದ ಯಂತ್ರ ಕಟ್ಟಿಸಿ, 1846ರಲ್ಲಿ ಮುದ್ರಣಾಲಯ ತೆರೆದ. ಅಲ್ಲಿಂದಲೇ 1887ರಲ್ಲಿ ‘ದೀಪಿಕಾ’ ಪತ್ರಿಕೆ ಹೊರಟಿತು. 1890ರಲ್ಲಿ ಕೊಟ್ಟಾಯಂನಿಂದ ‘ಮಲಯಾಳ ಮನೋರಮಾ’ ಬಂದಿತು. 1945ರಲ್ಲಿ ಲೇಖಕರೇ ಕೂಡಿ ತಮ್ಮ ಪುಸ್ತಕಗಳನ್ನು ಪ್ರಕಟಿಸುವ ಸಹಕಾರ ಸಂಘವನ್ನು ಕಟ್ಟಿದರು. 1989ರಲ್ಲಿ ಕೊಟ್ಟಾಯಂ ಪಟ್ಟಣ ಭಾರತದ ಮೊದಲ ಸಂಪೂರ್ಣ ಸಾಕ್ಷರ ಪಟ್ಟಣವೆನಿಸಿತು.

ಇಷ್ಟು ಕೇಳಿದ ಮೇಲೆ, ‘ಎಲ್ಲ ಮತಗಳ ಪೇಟೆ, ಎಲ್ಲರಿಗೂ ಅಕ್ಷರ, ಇದು ಆದರ್ಶ ನಾಡೇ ಸರಿ’ ಎಂದು ನಿಮಗನ್ನಿಸಬಹುದು. ಅಲ್ಲಿಗೇ ನಿಲ್ಲಿಸಿದರೆ ನಾವೂ ಕ್ಯಾಲೆಂಡರಿನ ಚಿತ್ರವನ್ನೇ ಬರೆದಂತಾಗುತ್ತದೆ. ಇದೇ ಜಿಲ್ಲೆಯ ವಾಯವ್ಯ ಮೂಲೆಯಲ್ಲಿ, ಇದೇ ಹಿನ್ನೀರಿನ ದಡದಲ್ಲಿ ವೈಕಂ ಇದೆ. ಬನ್ನಿ, ಅಲ್ಲಿಗೆ ಹೋಗೋಣ.

ಹಲಗೆ ನಿಂತಿದ್ದ ರಸ್ತೆ

ಹಿನ್ನೀರಿನ ಆಚೆ ದಡದ ತವಣಕ್ಕಡವಿನಿಂದ ವೈಕಂಗೆ ದೋಣಿ ಇದೆ. 2017ರಲ್ಲಿ ಭಾರತದ ಮೊದಲ ಸೌರಶಕ್ತಿ ಪ್ರಯಾಣಿಕ ದೋಣಿ ‘ಆದಿತ್ಯ’ ಸಂಚಾರ ಆರಂಭಿಸಿದ್ದು ಈ ದಾರಿಯಲ್ಲೇ. ದೋಣಿಕಟ್ಟೆಯಲ್ಲಿ ಇಳಿದು ಸ್ವಲ್ಪ ನಡೆದರೆ ಪ್ರಸಿದ್ಧವಾದ ಮಹಾದೇವ ದೇವಾಲಯ. ವೃಶ್ಚಿಕ ಮಾಸದ, ಅಂದರೆ ನವೆಂಬರ್–ಡಿಸೆಂಬರ್ ಸುಮಾರಿನ ‘ವೈಕತ್ತಷ್ಟಮಿ’ಗೆ ಇಲ್ಲಿ ಸಾವಿರಾರು ಜನ ನೆರೆಯುತ್ತಾರೆ. ವೈಕಂ, ಕಡುತ್ತುರುತ್ತಿ, ಏಟ್ಟುಮಾನೂರು – ಈ ಮೂರು ಶಿವಾಲಯಗಳನ್ನು ಒಂದೇ ದಿನ ದರ್ಶನ ಮಾಡಿದರೆ ಪುಣ್ಯವೆಂಬ ನಂಬಿಕೆಯಿದೆ.

ದೇವಾಲಯದ ಸುತ್ತಲಿನ ರಸ್ತೆಗಳನ್ನು ಒಮ್ಮೆ ನಿಂತು ನೋಡಿ. ಇಂದು ಅಲ್ಲಿ ಆಟೋಗಳು ಓಡುತ್ತವೆ, ಮಕ್ಕಳು ಶಾಲೆಗೆ ಹೋಗುತ್ತಾರೆ. 100 ವರ್ಷಗಳ ಹಿಂದೆ ಈ ರಸ್ತೆಗಳಲ್ಲಿ ಒಂದು ಹಲಗೆ ನೆಟ್ಟಿತ್ತು. ಅದನ್ನು ‘ತೀಂಡಲ್ ಪಲಕ’ ಎನ್ನುತ್ತಿದ್ದರು. ಮೈಲಿಗೆಯ ಹಲಗೆ ಎಂದರ್ಥ. ಈಳವರು, ಪುಲಯರು ಮತ್ತು ‘ಅವರ್ಣ’ರೆನಿಸಿದ ಇತರರು ಹಲಗೆಯಿಂದ ಮುಂದೆ ಕಾಲಿಡುವಂತಿರಲಿಲ್ಲ. ದೇವಾಲಯದ ಒಳಗಲ್ಲ, ಹೊರಗಿನ ರಸ್ತೆಯಲ್ಲೇ! ಕ್ರೈಸ್ತರು, ಮುಸ್ಲಿಮರು ಅಲ್ಲಿ ನಡೆಯಬಹುದಿತ್ತು. ನಾಯಿ, ಬೆಕ್ಕುಗಳಿಗೆ ಹಲಗೆ ಓದುವ ಗೋಜೂ ಇರಲಿಲ್ಲ. ಓದು ಬಲ್ಲ ಈಳವ ಯುವಕ ಮಾತ್ರ ಅದನ್ನೋದಿ ಬೇರೆ ದಾರಿ ಹಿಡಿಯಬೇಕಿತ್ತು.

ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ಪತ್ರಕರ್ತ ಟಿ.ಕೆ. ಮಾಧವನ್. ಅವರು 1921ರಲ್ಲಿ ತಿರುನೆಲ್ವೇಲಿಯಲ್ಲಿ ಗಾಂಧೀಜಿಯವರನ್ನು ಕಂಡು ವಿಷಯ ತಿಳಿಸಿದರು. 1923ರ ಕಾಕಿನಾಡ ಅಧಿವೇಶನದಲ್ಲಿ ಅದನ್ನು ಕಾಂಗ್ರೆಸ್ಸಿನ ಮುಂದಿಟ್ಟರು. 1924ರ ಮಾರ್ಚ್ 30ರಂದು ಸತ್ಯಾಗ್ರಹ ಆರಂಭವಾಯಿತು. ಮೊದಲ ದಿನ ಹಲಗೆಯತ್ತ ನಡೆದವರು ಮೂವರು – ಪುಲಯ ಸಮುದಾಯದ ಕುಂಞಪ್ಪಿ, ಈಳವರಾದ ಬಾಹುಲೇಯನ್, ನಾಯರ್ ಸಮುದಾಯದ ಗೋವಿಂದ ಪಣಿಕ್ಕರ್. ನಾಯರಿಗೆ ಆ ರಸ್ತೆಯಲ್ಲಿ ಹೋಗಲು ಅಡ್ಡಿಯಿರಲಿಲ್ಲ. ಆದರೂ ಮಿಕ್ಕಿಬ್ಬರನ್ನು ಬಿಟ್ಟು ಹೋಗೆನೆಂದು ಅವರು ಜೊತೆಯಲ್ಲೇ ಬಂಧನಕ್ಕೊಳಗಾದರು. ಈ ಸಣ್ಣ ಸಂಗತಿಯಲ್ಲಿ ಇಡೀ ಚಳವಳಿಯ ಸಾರವಿದೆ.

ದಿನವೂ ಮೂವರಂತೆ ಬಂಧನ ನಡೆಯಿತು. ಬಳಿಕ ಸರ್ಕಾರ ತಂತ್ರ ಬದಲಿಸಿ, ಬಂಧಿಸುವ ಬದಲು ರಸ್ತೆಗೆ ಬೇಲಿ ಹಾಕಿ ಪೊಲೀಸರನ್ನು ನಿಲ್ಲಿಸಿತು. ಸತ್ಯಾಗ್ರಹಿಗಳು ಬೇಲಿಯ ಮುಂದೆ ಕುಳಿತು ನೂಲು ತೆಗೆದರು. ಮುಂದಾಳುಗಳು ಸೆರೆಮನೆ ಸೇರಿದಾಗ ಈರೋಡಿನಿಂದ ಇ.ವಿ. ರಾಮಸ್ವಾಮಿ ಪೆರಿಯಾರ್ ಬಂದು ಚಳವಳಿಯನ್ನು ಮುನ್ನಡೆಸಿದರು. ಎರಡು ಬಾರಿ ಸೆರೆಮನೆ ಕಂಡರು. ಅವರ ಪತ್ನಿ ನಾಗಮ್ಮಯ್ ಕೂಡ ಪಾಲ್ಗೊಂಡರು. ಪಂಜಾಬಿನಿಂದ ಬಂದ ಅಕಾಲಿಗಳು ಸತ್ಯಾಗ್ರಹಿಗಳಿಗಾಗಿ ಅಡುಗೆಮನೆ ತೆರೆದರು. ನಾರಾಯಣ ಗುರುಗಳು ತಮ್ಮ ಮಠದ ಜಾಗವನ್ನು ಶಿಬಿರಕ್ಕೆ ಬಿಟ್ಟುಕೊಟ್ಟರು. ವಿರೋಧವೂ ಕಡಿಮೆಯಿರಲಿಲ್ಲ. ಆಮಚಾಡಿ ತೇವನ್ ಎಂಬ ಪುಲಯ ಕಾರ್ಯಕರ್ತರ ಕಣ್ಣಿಗೆ ವಿರೋಧಿಗಳು ಸುಣ್ಣ ಹಾಕಿದರು.

ಅದೇ ವರ್ಷ ಜುಲೈಯಲ್ಲಿ ಕೇರಳಕ್ಕೆ ಮಹಾಪ್ರವಾಹ ಬಂದಿತು. ಕೊಲ್ಲಂ ಶಕೆಯ 1099ನೆಯ ವರ್ಷವಾದ್ದರಿಂದ ಅದನ್ನು ‘ತೊಂಬತ್ತೊಂಬತ್ತರ ನೆರೆ’ ಎಂದೇ ಕರೆಯುತ್ತಾರೆ. ವೈಕಂನ ರಸ್ತೆಗಳು ಮುಳುಗಿದವು. ಪೊಲೀಸರು ದೋಣಿಯಲ್ಲಿ ಕಾವಲು ಕಾದರು; ಸತ್ಯಾಗ್ರಹಿಗಳು ನೀರಿನಲ್ಲೇ ನಿಂತರು. ಊಹಿಸಿಕೊಳ್ಳಿ: ರಸ್ತೆಯೇ ಕಾಣದು, ಹಲಗೆಯೂ ನೀರಿನಲ್ಲಿದೆ, ಆದರೆ ತಡೆ ಮಾತ್ರ ಹಾಗೆಯೇ ಇದೆ!

ಮೇಲ್ಜಾತಿಯ ಎಲ್ಲರೂ ಈ ತಡೆಯ ಪರವಾಗಿದ್ದರೇ? ಇಲ್ಲ. ನವೆಂಬರಿನಲ್ಲಿ ಮನ್ನತ್ತು ಪದ್ಮನಾಭನ್ ಅವರ ಮುಂದಾಳ್ತನದಲ್ಲಿ ಸವರ್ಣರ ಒಂದು ಮೆರವಣಿಗೆ ವೈಕಂನಿಂದ ಕಾಲ್ನಡಿಗೆಯಲ್ಲಿ ತಿರುವನಂತಪುರಕ್ಕೆ ಹೋಯಿತು. ರಸ್ತೆಯನ್ನು ಎಲ್ಲರಿಗೂ ತೆರೆಯಬೇಕೆಂದು 25,000ಕ್ಕೂ ಹೆಚ್ಚು ಸವರ್ಣರು ಸಹಿ ಮಾಡಿದ ಮನವಿಯನ್ನು ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಸೇತು ಲಕ್ಷ್ಮೀಬಾಯಿಯವರಿಗೆ ಸಲ್ಲಿಸಲಾಯಿತು. 1925ರ ಫೆಬ್ರವರಿಯಲ್ಲಿ ಶಾಸನಸಭೆಯ ಮುಂದೆ ಅದೇ ಅರ್ಥದ ನಿರ್ಣಯ ಬಂದಾಗ ಪರವಾಗಿ 21, ವಿರುದ್ಧವಾಗಿ 22 ಮತಗಳು ಬಿದ್ದವು. ಒಂದೇ ಒಂದು ಮತದಿಂದ ರಸ್ತೆ ಮುಚ್ಚಿಯೇ ಉಳಿಯಿತು. ಒಂದು ಮತದಿಂದ ಏನಾದೀತು ಎಂದು ಯಾರಾದರೂ ಕೇಳಿದರೆ ಈ ದಿನವನ್ನು ನೆನಪಿಸಿ.

ಗಾಂಧೀಜಿ ಅದಕ್ಕೂ ಮುನ್ನ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದರು. ಅದಾದ ಮೂರು ತಿಂಗಳೊಳಗೆ, 1925ರ ಮಾರ್ಚಿಯಲ್ಲಿ, ಅವರು ದೋಣಿಯಲ್ಲಿ ವೈಕಂಗೆ ಬಂದಿಳಿದರು. ತಡೆಯ ಪರವಾಗಿದ್ದ ಪ್ರಮುಖರನ್ನು ಇಂಡಂತುರುತ್ತಿ ಎಂಬ ನಂಬೂದಿರಿ ಮನೆಗೇ ಹೋಗಿ ಕಂಡರು. ಗಾಂಧೀಜಿ ಬ್ರಾಹ್ಮಣರಲ್ಲವಾದ್ದರಿಂದ ಅವರನ್ನು ಒಳಗೆ ಕರೆಯದೆ ಹೊರಗೇ ಕೂರಿಸಿ ಮಾತಾಡಿದರು. ಗಾಂಧೀಜಿ ಮೂರು ದಾರಿ ತೋರಿಸಿದರು: ಸವರ್ಣರಲ್ಲೇ ಮತ ಕೇಳೋಣ, ಅಥವಾ ಪಂಚರಿಗೆ ಒಪ್ಪಿಸೋಣ, ಅಥವಾ ಶಾಸ್ತ್ರದಲ್ಲಿ ಆಧಾರವಿದೆಯೇ ಎಂದು ವಿದ್ವಾಂಸರಿಂದ ಪರೀಕ್ಷೆ ಮಾಡಿಸೋಣ. ಮೂರನ್ನೂ ಅವರು ಒಪ್ಪಲಿಲ್ಲ. ಕಾಲದ ಆಟ ನೋಡಿ: ಆ ಮನೆ ಮುಂದೆ ಸೇಂದಿ ಇಳಿಸುವ ಕಾರ್ಮಿಕರ ಸಂಘದ ಕಚೇರಿಯಾಯಿತು. ಗಾಂಧೀಜಿಗೇ ತೆರೆಯದ ಬಾಗಿಲನ್ನು ತೆಂಗಿನ ಮರ ಹತ್ತುವ ಕೈಗಳು ತೆರೆದವು.

1925ರ ನವೆಂಬರ್ 23ರಂದು, 600ಕ್ಕೂ ಹೆಚ್ಚು ದಿನಗಳ ಬಳಿಕ ಸತ್ಯಾಗ್ರಹ ನಿಂತಿತು. ಅದು ಪೂರ್ಣ ಗೆಲುವಾಗಿರಲಿಲ್ಲ. ಪೂರ್ವದ ಹಾದಿಯನ್ನು ಬಿಟ್ಟು ಉಳಿದ ಹಾದಿಗಳು ತೆರೆದವು. ಇತಿಹಾಸದಲ್ಲಿ ಬಾಗಿಲುಗಳು ಒಮ್ಮೆಲೇ ತೆರೆಯುವುದು ಅಪರೂಪ. ಇನ್ನೂ 11 ವರ್ಷ ಕಳೆದು, 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜ ಚಿತ್ತಿರ ತಿರುನಾಳ್ ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿದರು. ರಸ್ತೆ ಮಾತ್ರವಲ್ಲ, ಸರ್ಕಾರದ ಆಡಳಿತದಲ್ಲಿದ್ದ ದೇವಾಲಯಗಳ ಬಾಗಿಲೂ ಎಲ್ಲ ಹಿಂದೂಗಳಿಗೆ ತೆರೆಯಿತು. ಇಂದು ವೈಕಂನಲ್ಲಿ ಈ ಹೋರಾಟದ ಸ್ಮಾರಕಗಳಿವೆ. ನವೀಕರಿಸಿದ ಪೆರಿಯಾರ್ ಸ್ಮಾರಕವನ್ನು 2024ರ ಡಿಸೆಂಬರಿನಲ್ಲಿ ಕೇರಳ ಮತ್ತು ತಮಿಳುನಾಡಿನ ಮುಖ್ಯಮಂತ್ರಿಗಳು ಕೂಡಿ ಉದ್ಘಾಟಿಸಿದರು.

ಬೆಟ್ಟದ ಕಡೆಗೆ

ಇನ್ನು ಪೂರ್ವಕ್ಕೆ ತಿರುಗೋಣ. ಏಟ್ಟುಮಾನೂರಿನ ಶಿವಾಲಯದ ಗೋಡೆಯ ಮೇಲಿರುವ ನಟರಾಜನ ಚಿತ್ರ ಕೇರಳದ ಭಿತ್ತಿಚಿತ್ರ ಕಲೆಯ ಶ್ರೇಷ್ಠ ನಿದರ್ಶನಗಳಲ್ಲೊಂದು. ಮುಂದೆ ಕುರವಿಲಂಗಾಡಿನ ಚರ್ಚು. ಇಲ್ಲಿ ವರ್ಷಕ್ಕೊಮ್ಮೆ ಭಕ್ತರು ಹಡಗಿನ ದೊಡ್ಡ ಮಾದರಿಯೊಂದನ್ನು ಹೊತ್ತು, ಬಿರುಗಾಳಿಗೆ ಸಿಕ್ಕಿದಂತೆ ತೂಗಾಡಿಸುತ್ತ ಮೆರವಣಿಗೆ ಮಾಡುತ್ತಾರೆ. ಕಡಲಿಲ್ಲದ ಊರಿನಲ್ಲಿ ಹಡಗಿನ ಮೆರವಣಿಗೆ! ಪಾಲಾ ಹತ್ತಿರದ ಭರಣಂಗಾನದಲ್ಲಿ 1946ರಲ್ಲಿ ತೀರಿಕೊಂಡ ಅಲ್ಫೋನ್ಸಾ ಅವರ ಸಮಾಧಿಯಿದೆ. 2008ರಲ್ಲಿ ಸಂತ ಪದವಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಭಾರತದ ಮೊದಲ ಮಹಿಳೆ.

ನೆಲ ಏರುತ್ತ ಹೋದಂತೆ ರಬ್ಬರು ತೋಟಗಳು ಆವರಿಸಿಕೊಳ್ಳುತ್ತವೆ. ನಸುಕಿನಲ್ಲೇ ಮರದ ತೊಗಟೆಗೆ ಓರೆಯಾಗಿ ಗೀರು ಹಾಕಿ, ಇಳಿಯುವ ಹಾಲನ್ನು ಬಟ್ಟಲಲ್ಲಿ ಹಿಡಿಯುತ್ತಾರೆ. 20ನೆಯ ಶತಮಾನದ ಆರಂಭದಲ್ಲಿ ಮುಂಡಕ್ಕಯಂ ಬಳಿ ಮರ್ಫಿ ಎಂಬ ಐರ್ಲೆಂಡಿನ ತೋಟಗಾರ ಈ ಬೆಳೆಯನ್ನು ಬೆಳೆಸಿ ತೋರಿಸಿದ. ಕ್ರಮೇಣ ಸಣ್ಣ ಹಿಡುವಳಿದಾರರೂ ಇದನ್ನು ಕೈಗೆತ್ತಿಕೊಂಡರು. ರಬ್ಬರ್ ಮಂಡಳಿಯ ಕೇಂದ್ರ ಕಚೇರಿಯೂ ಕೊಟ್ಟಾಯಂನಲ್ಲೇ ಇದೆ. ಆದರೆ ಈ ಹಸಿರು ಇಳಿಜಾರು ಸದಾ ಸೌಮ್ಯವಲ್ಲ. 2021ರ ಅಕ್ಟೋಬರಿನಲ್ಲಿ ಕೂಟ್ಟಿಕ್ಕಲ್ ಪ್ರದೇಶದಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ಜೀವಹಾನಿಯಾಯಿತು.

ಈ ಭಾಗದ ಏರುಮೇಲಿ ನಿಮ್ಮಲ್ಲಿ ಕೆಲವರಿಗೆ ಪರಿಚಿತವೇ ಇರಬಹುದು. ನಿಮ್ಮ ಊರಿನಿಂದ ಮಾಲೆ ಧರಿಸಿ ಇರುಮುಡಿ ಹೊತ್ತು ಶಬರಿಮಲೆಗೆ ಹೋದವರನ್ನು ಕೇಳಿ ನೋಡಿ. ಅಯ್ಯಪ್ಪನ ಬೆಟ್ಟ ಪಕ್ಕದ ಪತ್ತನಂತಿಟ್ಟ ಜಿಲ್ಲೆಯಲ್ಲಿದ್ದರೂ ಅಲ್ಲಿಗೆ ಹೋಗುವ ಹಳೆಯ ಕಾಡುದಾರಿ ಹೊರಡುವುದು ಏರುಮೇಲಿಯಿಂದ. ಅಲ್ಲಿ ಯಾತ್ರಿಕರು ಮೈಗೆ ಬಣ್ಣ ಬಳಿದು ‘ಪೇಟ್ಟ ತುಳ್ಳಲ್’ ಕುಣಿಯುತ್ತಾರೆ. ಅಯ್ಯಪ್ಪನ ಗೆಳೆಯನೆಂದು ಜನ ನಂಬುವ ವಾವರನ ಹೆಸರಿನ ಮಸೀದಿಗೂ ಹೋಗಿ ಕೈಮುಗಿಯುತ್ತಾರೆ. ಕನ್ನಡ, ತಮಿಳು, ತೆಲುಗು, ಮಲಯಾಳಂ ಮಾತಾಡುವ ಯಾತ್ರಿಕರು ಇಲ್ಲಿ ಒಂದೇ ದಾರಿ ಹಿಡಿಯುತ್ತಾರೆ.

ಶಾಲೆಗೆ ನಡೆದ ಹುಡುಗ

ಹಿಂದಿರುಗುವಾಗ ಕುರವಿಲಂಗಾಡಿಗೆ ಸಮೀಪದ ಉಳವೂರಿನಲ್ಲಿ ಸ್ವಲ್ಪ ನಿಲ್ಲೋಣ. ಇಲ್ಲಿ ನೋಡಲು ದೊಡ್ಡ ದೇವಾಲಯವಾಗಲಿ ಜಲಪಾತವಾಗಲಿ ಬೇಕಿಲ್ಲ. ಗದ್ದೆಯ ಬದು ನೋಡಿದರೆ ಸಾಕು. ವೈಕಂ ಸತ್ಯಾಗ್ರಹಕ್ಕೆ ಕೆಲವೇ ವರ್ಷ ಮೊದಲು ಈ ಊರಿನ ಬಡ ದಲಿತ ಕುಟುಂಬವೊಂದರ ಹುಲ್ಲಿನ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಗದ್ದೆಗಳ ನಡುವೆ ದಿನವೂ ಸುಮಾರು 15 ಕಿಲೋಮೀಟರ್ ನಡೆದು ಶಾಲೆಗೆ ಹೋಗಿಬರುತ್ತಿದ್ದ. ಶುಲ್ಕ ಕಟ್ಟಲಾಗದೆ ತರಗತಿಯ ಹೊರಗೆ ನಿಂತು ಪಾಠ ಕೇಳಿದ್ದುಂಟು. ನಾವು ಆಗಲೇ ಕಂಡ ಸಿ.ಎಂ.ಎಸ್. ಕಾಲೇಜಿನಲ್ಲಿ ಓದಿದ. ಮುಂದೆ ಲಂಡನ್ನಿಗೆ ಹೋಗಿ ಓದಿ, ರಾಜತಾಂತ್ರಿಕನಾಗಿ, ಸಂಸದನಾಗಿ, 1997ರ ಜುಲೈ 25ರಂದು ಭಾರತದ ರಾಷ್ಟ್ರಪತಿಯಾದ. ಅವರೇ ಕೆ.ಆರ್. ನಾರಾಯಣನ್, ಆ ಸ್ಥಾನಕ್ಕೇರಿದ ಮೊದಲ ದಲಿತರು.

ನಮ್ಮ ನಾಡಿನಲ್ಲೂ ಇಂಥ ಕನಸು ಕಂಡವರಿದ್ದರು. ಮಂಗಳೂರಿನ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದವರು. ಆ ಮಕ್ಕಳು ಓದಿ ದೊಡ್ಡ ಹುದ್ದೆ ಹಿಡಿದು ನಮ್ಮೂರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಗಮನಿಸಿ, ಅವರ ಕನಸಿನಲ್ಲೂ ಬಂದದ್ದು ರಸ್ತೆಯೇ.

ರಸ್ತೆ ಎಂದರೆ ಬರೀ ಮಣ್ಣು, ಟಾರು ಅಲ್ಲ. ಶಾಲೆಗೆ, ಪೇಟೆಗೆ, ಆಸ್ಪತ್ರೆಗೆ, ಕಚೇರಿಗೆ ಹೋಗುವುದು ಅದರ ಮೇಲೆಯೇ. ಅದನ್ನು ಮುಚ್ಚಿದವರು ಅಷ್ಟನ್ನೂ ಮುಚ್ಚಿದಂತೆ. ವೈಕಂನ ಜನ ಕೇಳಿದ್ದು ಸಿಂಹಾಸನವನ್ನಲ್ಲ, ಕಾಲಿಡಲು ಒಂದಷ್ಟು ನೆಲವನ್ನು. ಆ ನೆಲ ಸಿಕ್ಕಿದ ಮೇಲೆ ಒಬ್ಬ ಹುಡುಗ ಎಲ್ಲಿಯವರೆಗೆ ನಡೆಯಬಹುದು ಎಂಬುದನ್ನು ಉಳವೂರು ತೋರಿಸಿಕೊಟ್ಟಿತು.

ಮುಂದೆ ನೀವು ಕೊಟ್ಟಾಯಂಗೆ ಹೋದಾಗ ದೋಣಿಯಲ್ಲಿ ಕುಳಿತು ಹಿನ್ನೀರಿನ ಚೆಲುವನ್ನು ಕಣ್ತುಂಬ ನೋಡಿ. ಬಳಿಕ ವೈಕಂನಲ್ಲಿ ಇಳಿದು ಆ ರಸ್ತೆಗಳಲ್ಲಿ ಒಂದು ಸುತ್ತು ನಡೆಯಿರಿ. ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ಹಿರಿಯರ ಹತ್ತಿರ ಕುಳಿತು, ಅವರ ಬಾಲ್ಯದಲ್ಲಿ ಊರಿನ ಯಾವ ಬೀದಿಯಲ್ಲಿ, ಯಾವ ಬಾವಿಯ ಬಳಿ, ಯಾರು ಹೋಗುವಂತಿರಲಿಲ್ಲ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಡಿ. ನಿಮ್ಮ ಊರಿನ ಇತಿಹಾಸದ ಮೊದಲ ಪುಟ ಅದೇ ಆಗಬಹುದು.